ಎಫ್ ತೂತಿನೊಳಗಿಂದ ವೈರಿಂಗ್: ಸೆಕೆಂಡ್ ಹ್ಯಾಂಡ್ ಹಾಲೋಬಾಡಿ ಗಿಟಾರ್ ರಿಪೇರಿ

ಹಾಲೋಬಾಡಿ ಎಲೆಕ್ಟ್ರಿಕ್ ಗಿಟಾರ್ ಒಂದು ಬೇಕು ಅಂತ ತುಂಬ ವರ್ಷಗಳಿಂದ ಆಸೆ ಇತ್ತು. ಅದೂ ಒಳಗೆ ಪೂರ್ತಿ ಟೊಳ್ಳಾಗಿರುವಂಥದ್ದೇ ಬೇಕಿತ್ತು. ಗಿಬ್ಸನ್ 1958ರಲ್ಲಿ ತಂದ ಇಎಸ್-335ರ ಹೊಟ್ಟೆಯ ನಡುವೆ ಉದ್ದಕ್ಕೂ ಒಂದು ಮರದ ದಿಮ್ಮಿ ಇರುತ್ತದೆ. ಮರುವರ್ಷ ಬಂದ ಇಎಸ್-330ರಲ್ಲಿ ಅದಿಲ್ಲ. 1961ರ ಎಪಿಫೋನ್ ಕ್ಯಾಸಿನೋ ಕೂಡ ಹೀಗೇ, ಬರೀ ಟೊಳ್ಳು. ಬೀಟಲ್ಸ್‌ನ ಲೆನನ್, ಮೆಕಾರ್ಟ್ನಿ, ಹ್ಯಾರಿಸನ್ ಮೂವರೂ ಕ್ಯಾಸಿನೋ ನುಡಿಸಿದವರೇ. ಇಂಥ ಗಿಟಾರಿನಲ್ಲಿ ತಂತಿ ಮೀಟಿದ ಕೂಡಲೇ ನಾದ ಎದ್ದು ಬೇಗ ಇಳಿಯುತ್ತದೆ. ಜಾಸ್ತಿ ಹೊತ್ತು ಎಳೆಯುವುದಿಲ್ಲ. ನನಗೆ ಬೇಕಿದ್ದದ್ದೂ ಅದೇ.

ಕೊನೆಗೆ ಕೈಗೆ ಬಂದದ್ದು ಅದೇ ನಕ್ಷೆಯ, ಅಗ್ಗದ ಬ್ರ್ಯಾಂಡಿನ ಗಿಟಾರ್. ಪ್ಲೈ ಮೇಪಲ್ ಒಡಲು, ಎರಡು ಪಿ-90 ಪಿಕಪ್ (ತಂತಿಯ ಕಂಪನವನ್ನು ಕರೆಂಟ್ ಸಿಗ್ನಲ್ ಮಾಡುವ ಸುರುಳಿ), ನಾಲ್ಕು ನಾಬ್, ಒಂದು ಸ್ವಿಚ್, ಮೇಲ್ಮುಖದಲ್ಲೇ ಜ್ಯಾಕ್, ತಂತಿಗಳನ್ನು ಹಿಡಿಯಲು ಟ್ರೆಪೀಜ್ ಟೇಲ್‌ಪೀಸ್. ತಂತಿಯ ಕಂಪಿಸುವ ಉದ್ದ (ಸ್ಕೇಲ್) 24.75 ಇಂಚು. ಹಿಂಬದಿಯಲ್ಲಿ ಬಿಚ್ಚಲು ಮುಚ್ಚಳ ಇಲ್ಲ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಕಷ್ಟವೆಲ್ಲ ಅದರಿಂದಲೇ.

ಹಂತ 1: ತಗೊಳ್ಳುವ ಮೊದಲು ನೋಡಿದ್ದು

ಜೊತೆಗೆ ಒಯ್ದದ್ದು ಇಷ್ಟು: ಒಂದು ಉದ್ದನೆಯ ಸ್ಟೀಲ್ ಸ್ಕೇಲು, ಮಲ್ಟಿಮೀಟರ್, ಗಿಟಾರ್ ಕೇಬಲ್, ಸಣ್ಣ ಸ್ಕ್ರೂಡ್ರೈವರ್, ಮೊಬೈಲ್.

ಮೊದಲು ಮರ. ತಲೆಭಾಗ ಕತ್ತಿಗೆ ಸೇರುವ ಕಡೆ, ಹಿಂಬದಿಯಲ್ಲಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಬಿರುಕು ಹುಡುಕಿದೆ. ಗಿಟಾರ್ ಹಿಂದಕ್ಕೆ ಬಿದ್ದರೆ ಮೊದಲು ಮುರಿಯುವುದು ಅಲ್ಲೇ. ಆಮೇಲೆ ಬ್ರಿಡ್ಜ್ (ಒಡಲ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಸೇತುವೆ) ಕೂತಿರುವ ಜಾಗ ತಗ್ಗಿದೆಯಾ ಅಂತ ಸ್ಕೇಲು ಅಡ್ಡ ಇಟ್ಟು ನೋಡಿದೆ. ಬೆರಳ ಗೆಣ್ಣಿನಿಂದ ಮೇಲ್ಮುಖವನ್ನೆಲ್ಲ ತಟ್ಟುತ್ತಾ ಹೋದೆ. ಒಳಗಿನ ಪಟ್ಟಿ ಅಂಟು ಬಿಟ್ಟಿದ್ದರೆ ಒಂದು ಕಡೆ ಝರ್ ಅನ್ನುತ್ತದೆ. ಎಲ್ಲೂ ಅನ್ನಲಿಲ್ಲ. ಮೊಬೈಲನ್ನು ಎಫ್ ತೂತಿಗೆ (ಮೇಲ್ಮುಖದಲ್ಲಿ f ಅಕ್ಷರದ ಆಕಾರದಲ್ಲಿರುವ ಕಿಂಡಿ) ಒತ್ತಿ ಹಿಡಿದು, ಟಾರ್ಚ್ ಹಾಕಿ, ಒಳಗಿನ ವಿಡಿಯೋ ತೆಗೆದೆ. ಅಂಟಿನ ಹೊಸ ಕಲೆ, ಸೀಳು, ಯಾವುದೂ ಇರಲಿಲ್ಲ.

ಎಲ್ಲಕ್ಕಿಂತ ಮುಖ್ಯ ಕತ್ತಿನ ಕೋನ. ಸ್ಕೇಲನ್ನು ಫ್ರೆಟ್‌ಗಳ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳ) ಮೇಲೆ ಉದ್ದಕ್ಕೆ ಇಟ್ಟರೆ ಅದರ ತುದಿ ಹೆಚ್ಚುಕಮ್ಮಿ ಬ್ರಿಡ್ಜಿನ ತಲೆಯ ಹತ್ತಿರ ಬರಬೇಕು. ಬ್ರಿಡ್ಜಿನ ಎರಡು ತಿರುಗು ಚಕ್ರಗಳೂ ಮೇಲಕ್ಕೆ ಕೆಳಕ್ಕೆ ಎರಡೂ ಕಡೆ ಹೋಗಲು ಜಾಗ ಇರಬೇಕು. ಚಕ್ರ ಪೂರ್ತಿ ತಳಕ್ಕೆ ಇಳಿದಿದ್ದರೂ ತಂತಿ ಎತ್ತರದಲ್ಲೇ ಇದ್ದರೆ ಕತ್ತು ಮುಂದಕ್ಕೆ ಬಾಗಿದೆ ಅಂತ ಅರ್ಥ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಇದರಲ್ಲಿ ಚಕ್ರಗಳು ಮಧ್ಯದಲ್ಲೇ ಇದ್ದವು.

ಆಮೇಲೆ ಕರೆಂಟಿನ ಭಾಗ. ಕೇಬಲನ್ನು ಜ್ಯಾಕ್‌ಗೆ ಹಾಕಿ, ಇನ್ನೊಂದು ತುದಿಯ ಪಿನ್ನಿನ ತುದಿಗೂ ತೋಳಿಗೂ (ತುದಿಯ ಹಿಂದಿನ ಉದ್ದ ಲೋಹದ ಭಾಗ, ಅರ್ತ್) ಮಲ್ಟಿಮೀಟರ್ ಇಟ್ಟೆ. ವಾಲ್ಯೂಮ್ ಪೂರ್ತಿ ತೆರೆದಿರಬೇಕು. ಬ್ರಿಡ್ಜ್ ಪಿಕಪ್ 8.1 ಕಿಲೋ ಓಮ್ ತೋರಿಸಿತು. ಪಿ-90ಗೆ ಇದು ಸರಿಯಾದ ಅಂಕಿಯೇ. ಕತ್ತಿನ ಕಡೆಯದು 7.6 ತೋರಿಸಿತು, ಆದರೆ ನಾಬ್ ಸ್ವಲ್ಪ ಅಲ್ಲಾಡಿಸಿದರೆ ಅಂಕಿ ಮಾಯ. ಪಿಕಪ್ಪಿನ ಸುರುಳಿಯೇ ತುಂಡಾಗಿದ್ದರೆ ಮೀಟರಿನಲ್ಲಿ ಬರೀ ಪಾಟಿನ (ನಾಬ್ ಅಡಿಯಲ್ಲಿರುವ, ತಿರುಗಿಸಿ ಬದಲಾಯಿಸುವ ರೆಸಿಸ್ಟರಿನ) ಅಂಕಿ, ಅಂದರೆ 500 ಕಿಲೋ ಓಮ್ ಸುಮಾರು, ಕಾಣುತ್ತದೆ. ಒಮ್ಮೆಯಾದರೂ 7.6 ಬಂತಲ್ಲ, ಅಂದರೆ ಪಿಕಪ್ ಜೀವಂತ ಇದೆ, ಪಾಟ್ ಹೋಗಿದೆ.

ಆಂಪ್‌ಗೆ (ಆಂಪ್ಲಿಫೈಯರ್) ಹಾಕಿದಾಗ ನಾಲ್ಕೂ ನಾಬ್ ಕರಕರ. ಜೊತೆಗೆ ದೊಡ್ಡ ಗುಂಯ್ ಸದ್ದು. ಪಿ-90 ಒಂದೇ ಸುರುಳಿಯ ಪಿಕಪ್, ಸ್ವಲ್ಪ ಗುಂಯ್ ಅನ್ನುವುದು ಅದರ ಗುಣ. ಆದರೆ ತಂತಿ ಮುಟ್ಟಿದಾಗ ಅದು ಕಮ್ಮಿ ಆಗಬೇಕು. ಇಲ್ಲಿ ಆಗಲಿಲ್ಲ. ಕೇಬಲಿನ ಲೋಹದ ಭಾಗ ಮುಟ್ಟಿದರೆ ಮಾತ್ರ ಆಯಿತು. ಟೇಲ್‌ಪೀಸಿನಿಂದ ಒಳಗೆ ಹೋಗುವ ಅರ್ತ್ ವೈರ್ ಕಿತ್ತುಹೋಗಿದೆ ಅಂತ ಅಲ್ಲೇ ಗೊತ್ತಾಯಿತು.

ಮಾರುತ್ತಿದ್ದವರು "ಸ್ವಲ್ಪ ಸ್ಪ್ರೇ ಹೊಡೆದ್ರೆ ಸರಿ ಹೋಗುತ್ತೆ ಸರ್" ಅಂದರು. ಸಾಲಿಡ್‌ಬಾಡಿ ಗಿಟಾರಾಗಿದ್ದರೆ ಈ ಮಾತು ಒಪ್ಪಬಹುದಿತ್ತು. ಟೊಳ್ಳು ಗಿಟಾರಿನಲ್ಲಿ ಕರಕರ ಅನ್ನುವ ಪಾಟ್ ಅಂದರೆ ಒಳಗಿನ ವೈರಿಂಗ್ ಪೂರ್ತಿ ಹೊರಗೆ ಎಳೆಯುವ ಕೆಲಸ. ಸಾಮಾನಿನ ಖರ್ಚು ಕಮ್ಮಿ, ಕೂಲಿ ಜಾಸ್ತಿ. ಅದನ್ನೇ ವಿವರಿಸಿ ಹೇಳಿದೆ, ಮೀಟರನ್ನೂ ತೋರಿಸಿದೆ. ಅವರೂ ಒಪ್ಪಿದರು. ಹೊಸದಕ್ಕೆ ಕೊಡಬೇಕಾದ ಹಣದ ಅರ್ಧಕ್ಕೂ ಕಮ್ಮಿಗೆ ಸಿಕ್ಕಿತು.

ಹಂತ 2: ಸ್ಪ್ರೇ

ಆದರೂ ಸ್ಪ್ರೇ ಹೊಡೆದೇ ನೋಡಿದೆ. ಕಾಂಟ್ಯಾಕ್ಟ್ ಕ್ಲೀನರ್ ಡಬ್ಬಿಯ ಉದ್ದ ಕೊಳವೆಯನ್ನು ಎಫ್ ತೂತಿನಿಂದ ತೂರಿಸಿ, ಸಣ್ಣ ಕನ್ನಡಿಯಲ್ಲಿ ನೋಡುತ್ತಾ ಪಾಟಿನ ಬಾಯಿಗೆ ಹಿಡಿದೆ. ಎರಡು ನಾಬ್ ಸುಮಾರಾದವು, ಒಂದು ಹಾಗೇ ಉಳಿಯಿತು, ಕತ್ತಿನ ವಾಲ್ಯೂಮ್ ಇನ್ನೂ ಕೆಟ್ಟಿತು. ವಾರ ಕಳೆಯುವುದರೊಳಗೆ ಸರಿಯಾದವೂ ಮತ್ತೆ ಕರಕರ. ಹಾಗಾಗಿ ನಾಲ್ಕೂ ಪಾಟ್, ಸ್ವಿಚ್, ಜ್ಯಾಕ್ ಎಲ್ಲ ಹೊಸದು ಅಂತ ತೀರ್ಮಾನಿಸಿದೆ. ಒಂದನ್ನೇ ಬದಲಾಯಿಸಲು ಹೋದರೂ ಎಲ್ಲವೂ ಹೊರಗೆ ಬರಲೇಬೇಕು, ಇನ್ನು ಹಳೆಯದನ್ನೇ ಯಾಕೆ ವಾಪಸ್ ತೂರಿಸಬೇಕು, ಅಲ್ವಾ?

ಹಂತ 3: ಅಳತೆ ಮತ್ತು ಸಾಮಾನು

ಇಲ್ಲಿ ಆತುರ ಬೇಡ. ಅಂಗಡಿಯಲ್ಲಿ ಸಿಗುವ ಒಳ್ಳೆಯ ಪಾಟ್‌ಗಳ ಕತ್ತು (ತೂತಿನಿಂದ ಹೊರಬಂದು ನಟ್ ಹಿಡಿಯುವ ಭಾಗ) 3/8 ಇಂಚು, ಅಂದರೆ 9.5 ಮಿ.ಮೀ. ನನ್ನ ಗಿಟಾರಿನ ತೂತು 8 ಮಿ.ಮೀ. ಪ್ಲೈ ಮರದಲ್ಲಿ ಡ್ರಿಲ್ ಹಾಕಿ ತೂತು ದೊಡ್ಡದು ಮಾಡಿದರೆ ಮೇಲಿನ ಪದರ ಚಕ್ಕೆ ಎದ್ದು ಪಾಲಿಶ್ ಒಡೆಯುತ್ತದೆ. ಟೇಪರ್ ರೀಮರಿನಿಂದ ಕೈಯಲ್ಲೇ ನಿಧಾನಕ್ಕೆ ದೊಡ್ಡದು ಮಾಡಬಹುದು. ಆದರೆ ಆಮೇಲೆ ನಾಬ್‌ಗಳೂ ಹೊಂದುವುದಿಲ್ಲ: ಆ ಪಾಟ್‌ಗಳ ದಂಡಕ್ಕೆ 24 ಹಲ್ಲು, ನನ್ನ ನಾಬ್‌ಗಳದ್ದು 18. ಸುಮ್ನೆ ಯಾಕೆ ಅಂತ 7 ಮಿ.ಮೀ. ಕತ್ತಿನ, 16 ಮಿ.ಮೀ. ಸಣ್ಣ ಪಾಟ್‌ಗಳನ್ನೇ ತಗೊಂಡೆ. ಉಳಿದ ಸಡಿಲವನ್ನು ವಾಷರ್ ನೋಡಿಕೊಳ್ಳುತ್ತದೆ. ಮೇಲ್ಮುಖದ ಮರ ಎಷ್ಟು ದಪ್ಪ ಅಂತಲೂ ಅಳೆಯಿರಿ. ನನ್ನದು 5 ಮಿ.ಮೀ. ಪಾಟಿನ ಕತ್ತು ಅದಕ್ಕಿಂತ ಸಾಕಷ್ಟು ಉದ್ದ ಇಲ್ಲದಿದ್ದರೆ ಹೊರಗಿನಿಂದ ನಟ್ ಹಿಡಿಯುವುದೇ ಇಲ್ಲ.

ತಂದದ್ದು: 500 ಕಿಲೋ ಓಮ್ ಲಾಗ್ ಪಾಟ್ ನಾಲ್ಕು, 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡು, ಮೂರು ನಿಲುಗಡೆಯ ಟಾಗಲ್ ಸ್ವಿಚ್, ಮಾನೋ ಜ್ಯಾಕ್, ಹೆಣೆದ ಕವಚದ ವೈರ್ ಎರಡು ಮೀಟರ್, ಹೀಟ್ ಶ್ರಿಂಕ್ ಕೊಳವೆ. ಒಟ್ಟು ಖರ್ಚು ಗಿಟಾರಿಗೆ ಕೊಟ್ಟಿದ್ದರ ಹತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ. 40 ವ್ಯಾಟಿನ ಸೋಲ್ಡರಿಂಗ್ ಐರನ್ ಮನೆಯಲ್ಲೇ ಇತ್ತು.

ಹಂತ 4: ರಟ್ಟಿನ ಮೇಲೆ ವೈರಿಂಗ್

ನಾಬ್‌ಗಳನ್ನು ಕಿತ್ತು, ಬಿಳಿ ಹಾಳೆ ಇಟ್ಟು ಪೆನ್ಸಿಲ್ ತಿಕ್ಕಿ ಆರೂ ಜಾಗಗಳ ಗುರುತು ತೆಗೆದೆ. ಆ ಹಾಳೆಯನ್ನು ದಪ್ಪ ರಟ್ಟಿಗೆ ಅಂಟಿಸಿ ತೂತು ಮಾಡಿದೆ. ಹೊಸ ಪಾಟ್‌ಗಳು, ಸ್ವಿಚ್, ಜ್ಯಾಕ್ ಎಲ್ಲ ಅದರಲ್ಲಿ ಕೂತವು. ನೆನಪಿಡಬೇಕಾದ್ದು: ವೈರಿಂಗ್ ಮಾಡುವಾಗ ನಾವು ಹಿಂಬದಿಯಿಂದ ನೋಡುತ್ತಿರುತ್ತೇವೆ, ಎಡ ಬಲ ಅದಲುಬದಲು. ಪ್ರತಿ ಪಾಟಿನ ಬೆನ್ನ ಮೇಲೂ ಮಾರ್ಕರಿನಲ್ಲಿ ಅದರ ಕೆಲಸ ಬರೆದೆ.

ಹಳೆಯ ವೈರಿಂಗನ್ನು ಹೊರಗೆ ಎಳೆಯಬೇಕಲ್ಲ? ಎಫ್ ತೂತು ಕಿರಿದು. ಬ್ರಿಡ್ಜ್ ಪಿಕಪ್ಪಿನ ಎರಡು ಸ್ಕ್ರೂ ಬಿಚ್ಚಿ ಅದನ್ನು ಎತ್ತಿದರೆ ಅಡಿಯಲ್ಲಿ ಅಗಲವಾದ ಕಿಂಡಿ ಸಿಗುತ್ತದೆ. ಎಲ್ಲವೂ ಅಲ್ಲಿಂದಲೇ ಹೊರಗೆ ಬಂತು. ಪಾಟ್‌ಗಳನ್ನು ಒಳಗೆ ಬೀಳಿಸುವ ಮೊದಲು ಪ್ರತಿಯೊಂದರ ದಂಡಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿದ್ದೆ. ಪಾಟ್ ಹೊರಗೆ ಬಂದರೂ ದಾರ ಅದರ ತೂತಿನಲ್ಲೇ ಉಳಿಯುತ್ತದೆ, ವಾಪಸ್ ಹೋಗುವಾಗ ದಾರಿ ತೋರಿಸಲು.

ವೈರುಗಳನ್ನು ರಟ್ಟಿನ ಅಳತೆಗಿಂತ ಎರಡು ಮೂರು ಸೆಂ.ಮೀ. ಉದ್ದ ಇಟ್ಟೆ. ಅದಕ್ಕಿಂತ ಉದ್ದ ಬಿಟ್ಟರೆ ಒಳಗೆ ಸುರುಳಿಯಾಗಿ ಮರಕ್ಕೆ ಬಡಿದು ಸದ್ದು ಮಾಡುತ್ತವೆ, ಕಮ್ಮಿ ಆದರೆ ಒಂದು ಪಾಟನ್ನು ಎಳೆಯುವಾಗ ಪಕ್ಕದ್ದು ಕಿತ್ತುಬರುತ್ತದೆ. ಪಾಟಿನ ಬೆನ್ನಿಗೆ ಅರ್ತ್ ಹಾಕುವ ಮೊದಲು ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿದರೆ ಸೋಲ್ಡರ್ ಒಂದೇ ಸಲಕ್ಕೆ ಹರಡುತ್ತದೆ. ತಿಕ್ಕದಿದ್ದರೆ ಗುಂಡಗೆ ಮೇಲೆಯೇ ನಿಲ್ಲುತ್ತದೆ, ಐರನ್ ಜಾಸ್ತಿ ಹೊತ್ತು ಹಿಡಿದು ಪಾಟ್ ಒಳಗೇ ಸುಡುತ್ತದೆ.

ರಟ್ಟಿನ ಮೇಲಿರುವಾಗಲೇ ಪಿಕಪ್‌ಗಳನ್ನೂ ಜೋಡಿಸಿ, ಕೇಬಲ್ ಹಾಕಿ, ಆಂಪ್ ಹಚ್ಚಿ, ಪಿಕಪ್ಪಿನ ಸ್ಕ್ರೂಗಳ ಮೇಲೆ ಸ್ಕ್ರೂಡ್ರೈವರಿನಿಂದ ತಟ್ಟಿದೆ. ಟಪ್ ಟಪ್ ಅಂತ ಎರಡೂ ಕೇಳಿಸಿದವು. ನಾಲ್ಕೂ ನಾಬ್ ಕೆಲಸ ಮಾಡಿದವು.

ಹಂತ 5: ಒಳಗೆ ತೂರಿಸುವುದು

ಎಲ್ಲರೂ ಹೇಳುವ ಉಪಾಯ ಮೀನಿನ ತೊಟ್ಟಿಯ ಗಾಳಿ ಕೊಳವೆಯದು. ಕೊಳವೆಯನ್ನು ಹೊರಗಿನಿಂದ ತೂತಿಗೆ ತೂರಿಸಿ, ಪಿಕಪ್ ಕಿಂಡಿಯಿಂದ ಹೊರಗೆ ತೆಗೆದು, ಪಾಟಿನ ದಂಡಕ್ಕೆ ಸಿಗಿಸಿ ವಾಪಸ್ ಎಳೆಯುವುದು. ನಾನೂ ಅದನ್ನೇ ಮಾಡಿದೆ. ಮೊದಲ ಪಾಟಿನಲ್ಲೇ ಸಿಕ್ಕಿಬಿತ್ತು. 6 ಮಿ.ಮೀ. ದಂಡಕ್ಕೆ ಏರಿಸಿದ ಕೊಳವೆ ಉಬ್ಬಿ ಹತ್ತಿರ ಹತ್ತಿರ 8 ಮಿ.ಮೀ. ಆಗುತ್ತದೆ, ತೂತೂ 8 ಮಿ.ಮೀ. ಜೋರಾಗಿ ಎಳೆದರೆ ಕೊಳವೆ ಕಳಚಿ ಪಾಟ್ ಒಳಗೆ ಬೀಳುತ್ತದೆ. ಹೇಗೋ ಹೊರಗೆ ತಂದರೂ ಪಾಟಿನ ನಟ್ ಆ ಉಬ್ಬನ್ನು ದಾಟಿ ಇಳಿಯುವುದಿಲ್ಲ. ಕೊಳವೆ ಉಪಾಯ 9.5 ಮಿ.ಮೀ. ತೂತಿಗೆ ಸರಿ, ಸಣ್ಣ ತೂತಿಗಲ್ಲ.

ದಾರವೇ ಗೆದ್ದಿತು. ಈ ಪಾಟ್‌ಗಳ ದಂಡದ ತಲೆ ಸೀಳಿರುತ್ತದೆ. ತೂತಿನಲ್ಲಿ ಬಿಟ್ಟಿದ್ದ ದಾರದ ಒಳತುದಿಯನ್ನು ಆ ಸೀಳಿಗೆ ಇಳಿಸಿ, ಸುತ್ತಿ, ಬಿಗಿಯಾಗಿ ಗಂಟು ಹಾಕಿದೆ. ಎಳೆದರೆ ದಂಡ ನೆಟ್ಟಗೆ ಮೇಲೆ ಬರುತ್ತದೆ. ವಾಷರ್, ನಟ್ ಎರಡನ್ನೂ ದಾರಕ್ಕೇ ಪೋಣಿಸಿ ದಂಡದ ಮೇಲೆ ಜಾರಿಸಬಹುದು. ನಟ್ ಬಿಗಿಯುವಾಗ ದಾರವನ್ನು ಬಿಡಬೇಡಿ, ಮತ್ತು ಎಫ್ ತೂತಿನಿಂದ ಒಂದು ಬೆರಳು ಹಾಕಿ ಪಾಟಿನ ಹೊಟ್ಟೆ ಹಿಡಿದಿರಿ. ಇಲ್ಲದಿದ್ದರೆ ನಟ್ ಜೊತೆ ಪಾಟೂ ಸುತ್ತುತ್ತದೆ, ವೈರ್ ತಿರುಚಿಕೊಂಡು ಕಿತ್ತುಬರುತ್ತದೆ.

ಕ್ರಮವೂ ಮುಖ್ಯ. ಕಿಂಡಿಯಿಂದ ದೂರ ಇರುವ ಪಾಟ್ ಮೊದಲು, ಹತ್ತಿರದ್ದು ಆಮೇಲೆ, ಸ್ವಿಚ್ ನಂತರ, ಜ್ಯಾಕ್ ಕೊನೆಗೆ. ಜ್ಯಾಕಿಗೆ ದಾರ ಕಟ್ಟಲು ಜಾಗ ಇಲ್ಲ. 6 ಮಿ.ಮೀ. ದುಂಡನೆಯ ಮರದ ಕಡ್ಡಿಗೆ ಒಂದು ಸುತ್ತು ಟೇಪ್ ಹಚ್ಚಿ, ನಟ್ ಮತ್ತು ವಾಷರನ್ನು ಮೊದಲೇ ಕಡ್ಡಿಗೆ ಪೋಣಿಸಿ, ಜ್ಯಾಕಿನ ಬಾಯಿಗೆ ಬಿಗಿಯಾಗಿ ತುರುಕಿ ಎಳೆದೆ. ಒಂದೇ ಏಟಿಗೆ ಬಂತು. ಇಡೀ ಕೆಲಸದಲ್ಲಿ ಸುಲಭವಾಗಿ ಆದದ್ದು ಇದೊಂದೇ.

ಟೇಲ್‌ಪೀಸಿನ ಅರ್ತ್ ವೈರ್: ಟೇಲ್‌ಪೀಸಿನ ಮೂರು ಸ್ಕ್ರೂ ಬಿಚ್ಚಿದಾಗ ಹಳೆಯ ವೈರಿನ ತುಂಡು ತುದಿ ತೂತಿನಲ್ಲೇ ಕಾಣಿಸಿತು. ಗಟ್ಟಿ ವೈರ್ ಒಂದನ್ನು ಹೊರಗಿನಿಂದ ತೂರಿಸಿ ಪಿಕಪ್ ಕಿಂಡಿಯಲ್ಲಿ ಹಿಡಿದು, ಪಾಟಿನ ಬೆನ್ನಿಗೆ ಬೆಸೆದೆ. ಹೊರತುದಿಯ ಒಂದು ಇಂಚು ಸುಲಿದು, ಎಳೆಗಳನ್ನು ಹರಡಿ, ಟೇಲ್‌ಪೀಸಿನ ಕೆಳಗೆ ಸಿಕ್ಕಿಸಿ ಸ್ಕ್ರೂ ಬಿಗಿದೆ. ಕ್ರೋಮ್ ಮುಟ್ಟುವ ಜಾಗದಲ್ಲಿ ತುಕ್ಕು ಇತ್ತು, ಕೆರೆದು ತೆಗೆಯಬೇಕಾಯಿತು. ತಂತಿಯಿಂದ ಜ್ಯಾಕಿನ ತೋಳಿಗೆ ಮೀಟರ್ ಇಟ್ಟರೆ ಒಂದು ಓಮಿಗಿಂತ ಕಮ್ಮಿ ಬರಬೇಕು. ಬಂತು.

ಹಂತ 6: ಒಂದು ಪಿಕಪ್ ಮೂಕ

ಎಲ್ಲ ಬಿಗಿದು ಆಂಪ್‌ಗೆ ಹಾಕಿದರೆ ಬ್ರಿಡ್ಜ್ ಪಿಕಪ್ ಸರಿ ಇದೆ, ಸ್ವಿಚ್ ನಡುವೆ ಇಟ್ಟರೆ ಸದ್ದಿಲ್ಲ, ಕತ್ತಿನ ಕಡೆಗೂ ಸದ್ದಿಲ್ಲ. ರಟ್ಟಿನ ಮೇಲೆ ಹಾಡಿದ್ದು ಒಳಗೆ ಹೋಗಿ ಸತ್ತಿತು. ಮೀಟರ್ ಇಟ್ಟೆ, ಸೊನ್ನೆ. ಸೊನ್ನೆ ಅಂದರೆ ಕಿತ್ತುಹೋಗಿದ್ದಲ್ಲ, ಎಲ್ಲೋ ತಾಗುತ್ತಿದೆ. ಕಿತ್ತಿದ್ದರೆ ದೊಡ್ಡ ಅಂಕಿ ಬರುತ್ತಿತ್ತು. ನಡುವಿನ ನಿಲುಗಡೆಯೂ ಸತ್ತಿದೆ ಅಂದರೆ ತಾಗಿರುವುದು ಸ್ವಿಚ್ಚಿನ ಕತ್ತಿನ ಕಡೆಯ ಕಾಲಿನ ಹತ್ತಿರ.

ಕನ್ನಡಿ ಹಿಡಿದು ನೋಡಿದರೆ ಅದೇ. ಹೆಣೆದ ಕವಚದ ವೈರಿನ ಹೊರಗವಚವೇ ಅರ್ತ್. ತಳ್ಳಿದಾಗ ಅದು ಜಾರಿ ಮುಂದೆ ಬಂದು ಸ್ವಿಚ್ಚಿನ ಕಾಲಿಗೆ ಆನಿಕೊಂಡಿತ್ತು. ಸೋಲ್ಡರ್ ಮಾಡಿದ ಜಾಗಕ್ಕೆ ಹೀಟ್ ಶ್ರಿಂಕ್ ಹಾಕಿದ್ದೆ, ಕವಚದ ತುದಿಗೆ ಹಾಕಿರಲಿಲ್ಲ. ಸ್ವಿಚ್ಚನ್ನು ಮಾತ್ರ ದಾರ ಕಟ್ಟಿ ಮತ್ತೆ ಹೊರಗೆ ತಂದು ಮೂರೂ ವೈರುಗಳ ಕವಚದ ತುದಿಯನ್ನು 2 ಸೆಂ.ಮೀ. ಉದ್ದಕ್ಕೆ ಮುಚ್ಚಿದೆ. ಇಂಥ ವೈರ್ ಬಳಸುವವರು ರಟ್ಟಿನ ಮೇಲಿರುವಾಗಲೇ ಎಲ್ಲ ತುದಿಗಳನ್ನೂ ಮುಚ್ಚಿ, ಆಮೇಲೆ ಇಡೀ ಗೊಂಚಲನ್ನು ಕೈಯಲ್ಲಿ ಹಿಡಿದು ಹಿಸುಕಿ ಅಲ್ಲಾಡಿಸಿ, ಮೀಟರ್ ನೋಡಿ. ರಟ್ಟಿನ ಮೇಲೆ ಅಲ್ಲಾಡದೆ ಇದ್ದದ್ದು ಪರೀಕ್ಷೆಯೇ ಅಲ್ಲ.

ಹಂತ 7: ಬ್ರಿಡ್ಜ್

ಈ ಗಿಟಾರಿನ ಬ್ರಿಡ್ಜಿಗೆ ಸ್ಕ್ರೂ ಇಲ್ಲ, ಅಂಟಿಲ್ಲ. ತಂತಿಗಳ ಒತ್ತಡದಲ್ಲೇ ಕೂತಿರುತ್ತದೆ. ಎಲ್ಲ ತಂತಿ ಬಿಚ್ಚಿದರೆ ಕೈಗೇ ಬರುತ್ತದೆ. ಬಿಚ್ಚುವ ಮೊದಲು ಅದರ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ ಗುರುತು ಮಾಡಿದ್ದೆ. ಆಮೇಲೆ ನೋಡಿದರೆ ಹಿಂದಿನವರ ಜಾಗವೇ ತಪ್ಪು.

ಅಳತೆ ಹೀಗೆ. ತಲೆಕಡೆಯ ನಟ್‌ನಿಂದ (ಇದು ಬಿಗಿಯುವ ನಟ್ ಅಲ್ಲ, ತಂತಿಗಳು ಹಾದುಹೋಗುವ ಗೀರುಗಳಿರುವ ಪಟ್ಟಿ) 12ನೇ ಫ್ರೆಟ್‌ವರೆಗೆ 314 ಮಿ.ಮೀ. ಅದರ ಎರಡರಷ್ಟು 628. ಬ್ರಿಡ್ಜ್ ಮೊದಲು ಅಲ್ಲಿ, ದಪ್ಪ ತಂತಿಯ ಕಡೆ ಒಂದೆರಡು ಮಿ.ಮೀ. ಹಿಂದಕ್ಕೆ ಓರೆಯಾಗಿ. ಆಮೇಲೆ ಟ್ಯೂನರ್ ನೋಡುತ್ತಾ 12ನೇ ಫ್ರೆಟ್ಟಿನ ಹಾರ್ಮೋನಿಕ್ಕಿಗೂ (ಒತ್ತದೆ ಬೆರಳು ತಾಗಿಸಿ ಮೀಟಿದಾಗ ಬರುವ ಸ್ವರ) ಅಲ್ಲೇ ಒತ್ತಿ ಮೀಟಿದ ಸ್ವರಕ್ಕೂ ಹೋಲಿಸುವುದು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಎರಡು ತುದಿಯ ತಂತಿಗಳಿಗೆ ಬ್ರಿಡ್ಜನ್ನೇ ಸರಿಸಿದೆ, ನಡುವಿನವಕ್ಕೆ ಸ್ಯಾಡಲ್ (ಬ್ರಿಡ್ಜಿನ ಮೇಲೆ ಒಂದೊಂದು ತಂತಿ ಕೂರುವ ತುಂಡು) ಸ್ಕ್ರೂ.

ಇನ್ನೊಂದು ತೊಂದರೆ ಬ್ರಿಡ್ಜಿನ ಮರದ ಪಾದ. ಗಿಟಾರಿನ ಮೇಲ್ಮುಖ ಉಬ್ಬಿದೆ, ಪಾದ ಹೆಚ್ಚುಕಮ್ಮಿ ಚಪ್ಪಟೆ. ಹಿಂದಿನಿಂದ ಟಾರ್ಚ್ ಬಿಟ್ಟರೆ ಎರಡು ತುದಿಯ ಕೆಳಗೂ ಬೆಳಕಿನ ಗೆರೆ. ಮೇಲ್ಮುಖಕ್ಕೆ ಕಾಗದ ಹಾಸಿ, 120ರ ಸ್ಯಾಂಡ್‌ಪೇಪರನ್ನು ಒರಟು ಭಾಗ ಮೇಲೆ ಬರುವಂತೆ ಅದರ ಮೇಲೆ ಅಂಟಿಸಿ, ಪಾದವನ್ನು ಅದೇ ಜಾಗದಲ್ಲಿ ತಂತಿಯ ದಿಕ್ಕಿಗೆ ಸಣ್ಣದಾಗಿ ಹಿಂದೆ ಮುಂದೆ ತಿಕ್ಕಿದೆ. ಪಾದದ ಅಡಿಗೆ ಪೆನ್ಸಿಲ್ ಬಳಿದಿದ್ದರೆ ಎಲ್ಲಿ ಸವೆದಿದೆ ಅಂತ ಕಾಣುತ್ತದೆ. ಪೆನ್ಸಿಲ್ ಪೂರ್ತಿ ಹೋಗುವವರೆಗೆ 120, ಕೊನೆಗೆ 320. ಬೆಳಕು ನಿಂತಿತು. ಪಿಕಪ್, ಪಾಟ್ ಎಲ್ಲ ಹಾಗಿರಲಿ, ನಾದ ನಿಜವಾಗಿ ಬದಲಾದದ್ದು ಇಲ್ಲಿ. ಆಂಪ್ ಇಲ್ಲದೆಯೇ ಗಿಟಾರ್ ಮೊದಲಿಗಿಂತ ಜೋರಾಗಿ ಕೇಳಿಸತೊಡಗಿತು.

ಬ್ರಿಡ್ಜಿಗೂ ಟೇಲ್‌ಪೀಸಿಗೂ ನಡುವೆ ಇರುವ ತಂತಿಯ ತುಂಡುಗಳು ತಾವೇ ಕಿಣಿಕಿಣಿ ಅನ್ನುತ್ತಿದ್ದವು. ಅವುಗಳ ನಡುವೆ ಒಂದು ಫೆಲ್ಟ್ ಪಟ್ಟಿ ಹೆಣೆದೆ, ನಿಂತಿತು.

ಹಂತ 8: ಕತ್ತು ಮತ್ತು ತಂತಿಯ ಎತ್ತರ

ಹಾಕಿದ್ದು 11-50ರ ಫ್ಲ್ಯಾಟ್‌ವೌಂಡ್ ತಂತಿ. ಒಂದನೇ ಫ್ರೆಟ್ಟಿಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ, 7ನೇ ಫ್ರೆಟ್ಟಿನ ಮೇಲೆ ಫೀಲರ್ ಗೇಜ್ ತೂರಿಸಿದರೆ 0.5 ಮಿ.ಮೀ. ಬಂತು. ಜಾಸ್ತಿ. ಟ್ರಸ್ ರಾಡನ್ನು (ಕತ್ತಿನ ಬಾಗು ಸರಿಪಡಿಸಲು ಅದರೊಳಗಿರುವ ಲೋಹದ ಸರಳು) ಕಾಲು ಸುತ್ತು ಬಿಗಿದು, ಒಂದು ರಾತ್ರಿ ಬಿಟ್ಟು, ಮತ್ತೆ ಕಾಲು ಸುತ್ತಿಗಿಂತ ಕಮ್ಮಿ. 0.2ಕ್ಕೆ ನಿಲ್ಲಿಸಿದೆ. 12ನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ದಪ್ಪ ಕಡೆ 2.0, ತೆಳು ಕಡೆ 1.6 ಮಿ.ಮೀ.

ಕತ್ತಿನ ಕಡೆಯ ಪಿಕಪ್ ಸದ್ದು ಬ್ರಿಡ್ಜಿನದ್ದಕ್ಕಿಂತ ತೀರಾ ಜೋರು. ಈ ಕಿವಿ ಇರುವ ಪಿ-90ಯನ್ನು ಸ್ಕ್ರೂ ತಿರುಗಿಸಿ ಎತ್ತಲು ಇಳಿಸಲು ಆಗುವುದಿಲ್ಲ, ಅದು ನೇರ ಮರಕ್ಕೇ ಕೂತಿದೆ. ಹಾಗಾಗಿ ಬ್ರಿಡ್ಜ್ ಪಿಕಪ್ಪಿನ ಕೆಳಗೆ 3 ಮಿ.ಮೀ. ಪ್ಲಾಸ್ಟಿಕ್ ಹಾಳೆಯನ್ನು ಅದೇ ಆಕಾರಕ್ಕೆ ಕತ್ತರಿಸಿ ಇಟ್ಟು ಎತ್ತರಿಸಿದೆ. ಉಳಿದ ವ್ಯತ್ಯಾಸಕ್ಕೆ ಕತ್ತಿನ ಕಡೆಯದರ ಆರು ಸ್ಕ್ರೂಗಳನ್ನು ಸ್ವಲ್ಪ ಒಳಗೆ ಇಳಿಸಿದೆ. ಈಗ ಎರಡೂ ಸಮ.

ಹಂತ 9: ಫೀಡ್‌ಬ್ಯಾಕ್

ಆಂಪ್ ಜೋರು ಮಾಡಿದರೆ ದಪ್ಪ ತಂತಿಗಳು ತಾವೇ ಊಳಿಡುತ್ತವೆ. ಟೊಳ್ಳು ಗಿಟಾರ್ ಅಂದ ಮೇಲೆ ಇದು ಇದ್ದದ್ದೇ. ಒಡಲೊಳಗೆ ಸ್ಪಂಜ್ ತುಂಬಿ ನೋಡಿದೆ. ಊಳು ನಿಂತಿತು, ನಾದವೂ ಸತ್ತಿತು. ಇದಕ್ಕೆ ಸಾಲಿಡ್‌ಬಾಡಿಯನ್ನೇ ತಗೊಳ್ಳಬಹುದಿತ್ತಲ್ಲ ಅನ್ನಿಸಿ ತೆಗೆದುಹಾಕಿದೆ. ಈಗ ಎಫ್ ತೂತಿನ ಆಕಾರಕ್ಕೆ ಕತ್ತರಿಸಿದ ಎರಡು ಫೋಮ್ ಬಿರಡೆ ಇಟ್ಟುಕೊಂಡಿದ್ದೇನೆ. ಜೋರು ಬೇಕಾದಾಗ ದಪ್ಪ ತಂತಿಯ ಕಡೆಯದಕ್ಕೆ ಮಾತ್ರ ಸಿಗಿಸುತ್ತೇನೆ, ಆಂಪಿನ ಬೇಸ್ ಇಳಿಸುತ್ತೇನೆ, ಸ್ಪೀಕರಿನ ಎದುರು ನಿಲ್ಲದೆ ಪಕ್ಕಕ್ಕೆ ನಿಲ್ಲುತ್ತೇನೆ.

ಬಾಕಿ ಇರುವುದು: 2ನೇ ಫ್ರೆಟ್ಟಿನಲ್ಲಿ ತೆಳು ತಂತಿಗಳ ಕೆಳಗೆ ಗುಳಿ ಬಿದ್ದಿದೆ, ಮುಂದಿನ ಸಲ ತಂತಿ ಬದಲಾಯಿಸುವಾಗ ಸಮ ಮಾಡಬೇಕು. ಸ್ವಿಚ್ ನಡುವೆ ಇಟ್ಟಾಗಲೂ ಗುಂಯ್ ಹಾಗೇ ಇದೆ, ಅಂದರೆ ಎರಡೂ ಪಿಕಪ್‌ಗಳ ಸುರುಳಿ ಒಂದೇ ದಿಕ್ಕಿಗೆ ಸುತ್ತಿದ್ದು. ಒಂದರ ಆಯಸ್ಕಾಂತ ಮಗುಚಿ, ವೈರ್ ಅದಲುಬದಲು ಮಾಡಿದರೆ ಅಲ್ಲಿಯಾದರೂ ಹೋಗುತ್ತದೆ. ಅದಕ್ಕೆ ಪಿಕಪ್ ಬಿಚ್ಚಿದರೆ ಸಾಕು, ಪಾಟ್‌ಗಳನ್ನು ಮುಟ್ಟಬೇಕಾಗಿಲ್ಲ. ಹಾಗಾಗಿ ಯಾವಾಗಲಾದರೂ ಮಾಡುತ್ತೇನೆ.